ಒಂದು ಹಿಡಿ ರಾಗಿಯ ಅರ್ಧಾಯುಷ್ಯ

ಶಿವರಾತ್ರಿ ಕಳೆದ ಮೇಲಿನ ಶನಿವಾರ ಬೆಳಿಗ್ಗೆ, ಇನ್ನೂ ಮಂಜು ಬಿಡುವ ಮೊದಲೇ, ತೂಬಗೆರೆ ಕಡೆಯ ನಮ್ಮ ಊರಿನಿಂದ ನನ್ನ ಪಿಕಪ್ ಗಾಡಿ ಹೊರಟಿತು. ಬೇರೆ ದಿನ ಅದರ ಮೇಲೆ ನನ್ನ ಕಾಂಕ್ರೀಟ್ ಕೆಲಸದ ಸೆಂಟ್ರಿಂಗ್ ಶೀಟು, ಜಾಕಿ, ಸರ್ವೆ ಮರ ತುಂಬಿರುತ್ತವೆ. ಅವತ್ತಿಗೆಂದು ಎಲ್ಲ ಇಳಿಸಿ, ಗಾಡಿ ತೊಳೆದು, ಮುಂದೆ ಚೆಂಡುಹೂವಿನ ಹಾರ ಕಟ್ಟಿದ್ದೆ. ಪಕ್ಕದ ಸೀಟಿನಲ್ಲಿ ನನ್ನ ಅಕ್ಕ ಜಯಮ್ಮ. ಅವಳ ತೊಡೆಯ ಮೇಲೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಅರಿಶಿನ, ಬಾಯಿತನಕ ತುಂಬಿದ ಕುಂಕುಮದ ಭರಣಿ, ಅವಳ ಒಬ್ಬಳೇ ಮಗಳು ರಮ್ಯಳ ಲಗ್ನಪತ್ರಿಕೆಗಳ ಕಟ್ಟು.

ನಮ್ಮ ಕಡೆ ಮದುವೆಗೆ ಫೋನಿನಲ್ಲಿ ಕರೆದರೆ ಕರೆದ ಹಾಗಲ್ಲ. ಹುಡುಗಿಯ ತಾಯಿ ಮನೆಮನೆಗೂ ಹೋಗಬೇಕು; ಆ ಮನೆಯ ಮುತ್ತೈದೆಯ ಹಣೆಗೆ ತನ್ನ ಕೈಯಾರೆ ಕುಂಕುಮ ಇಟ್ಟು ಪತ್ರಿಕೆ ಕೊಡಬೇಕು. ಜೊತೆಗೆ ಸೋದರಮಾವ ಇರಬೇಕು. ಅದು ನಾನು. ಭಾವನಿಗೆ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟು, ಇರುವ ರಜೆಯನ್ನು ಮದುವೆಗೇ ಉಳಿಸಿಕೊಳ್ಳಬೇಕಿತ್ತು.

ಈ ಸಲದ ಕರೆಯುವಿಕೆ ಸುಲಭದ್ದಾಗಿರಲಿಲ್ಲ. ಹೋದ ವರ್ಷ ಅಕ್ಕನ ಕತ್ತಿನಲ್ಲಿ, ಥೈರಾಯ್ಡ್ ಗ್ರಂಥಿಯಲ್ಲಿ, ಕೆಟ್ಟ ಗಂಟೊಂದು ಎದ್ದಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಉಳಿದ ಚೂರುಪಾರು ಸುಡಲು ದೀಪಾವಳಿಯ ಹೊತ್ತಿಗೆ ವಿಕಿರಣ ಬಿಡುವ ಅಯೋಡಿನ್ ಮಾತ್ರೆ ನುಂಗಿಸಿ, ಕೆಲವು ದಿನ ದಪ್ಪ ಗೋಡೆಯ ಕೋಣೆಯಲ್ಲಿ ಒಬ್ಬಳನ್ನೇ ಇಟ್ಟರು. ಅಕ್ಕ ಗುಣವಾದಳು. ಆದರೆ ನೋಡಲು ಹೋದ ನೆಂಟರನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದರಲ್ಲ, ಅಲ್ಲಿಂದ ಮಾತು ಹುಟ್ಟಿತು: ‘ಜಯಮ್ಮನ ಮೈಯಲ್ಲಿ ಅಣು ಇದೆ.’ ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಹೋದಾಗ ಬೀದಿಯವಳೊಬ್ಬಳು ಹಣೆ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಸೂಲಿಬೆಲೆ ಕಡೆಯ ಬೀಗರ ಮನೆಯಿಂದಲೂ ಮಾತು ಬಂತು. ಹುಡುಗನ ಅಜ್ಜಿ ಹೇಳಿ ಕಳಿಸಿದ್ದರು: ಮದುವೆ ನಡೆಯಲಿ, ಧಾರೆ ಎರೆಯಲು ಮಾತ್ರ ತಾಯಿಯ ಬದಲು ಚಿಕ್ಕಮ್ಮನೋ ದೊಡ್ಡಮ್ಮನೋ ನಿಲ್ಲಲಿ.

ಹೆತ್ತ ಒಬ್ಬಳೇ ಮಗಳ ಧಾರೆಗೆ ಅಕ್ಕ ಛತ್ರದ ಮೂಲೆಯಲ್ಲಿ ಕೂರುವುದೇ? ಅದು ನಾನಿರುವ ತನಕ ಆಗದ ಮಾತು. ಬೀಗರ ಮನೆಗೆ ಹೋಗಿ, ಆ ಅಜ್ಜಿಯ ಹಣೆಗೆ ಅಕ್ಕನ ಕೈಯಲ್ಲೇ ಕುಂಕುಮ ಇಡಿಸಿ ಬರುವುದು. ನಾವು ಹೊರಟದ್ದು ಅದಕ್ಕೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ಈ ವಿಷಯ ನನಗೆ ಹೊಸದಲ್ಲ. ಕೆಲವು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆಯ ಕೋಣೆಗೆ ಐದು ಅಡಿ ದಪ್ಪದ ಗೋಡೆಯನ್ನು, ಎಲ್ಲೂ ಜಾಯಿಂಟ್ ಬೀಳದ ಹಾಗೆ ಒಂದೇ ಸಮನೆ ಕಾಂಕ್ರೀಟ್ ಸುರಿದು ನಿಲ್ಲಿಸಿದವನು ನಾನೇ. ಅಷ್ಟು ದಪ್ಪ ಯಾಕೆ ಎಂದು ಅವತ್ತೇ ಕೇಳಿದ್ದೆ. ಅಕ್ಕ ಒಳಗಿದ್ದಾಗ ಹೊರಗಿನ ಬೆಂಚಿನ ಮೇಲೆ ಕೂತು, ಅಲ್ಲಿನ ಡಾಕ್ಟರಮ್ಮನನ್ನು ಒಂದೊಂದೇ ಮಾತಿನ ಅರ್ಥ ಕೇಳಿ ಕೇಳಿ ತಲೆಗೆ ಇಳಿಸಿಕೊಂಡೆ. ಪರಮಾಣು ಎಂದರೇನು, ವಿಕಿರಣ ಎಂದರೇನು, ಅರ್ಧಾಯುಷ್ಯ ಎಂದರೇನು. ಆ ಮಾತುಗಳೂ ಅವತ್ತು ನಮ್ಮ ಗಾಡಿಯಲ್ಲಿದ್ದವು.

ಮೊದಲು ಪಶ್ಚಿಮಕ್ಕೆ, ನೆಲಮಂಗಲದ ದಾರಿ. ದೊಡ್ಡಬಳ್ಳಾಪುರ ದಾಟುವಾಗ ಮಗ್ಗದ ಬೀದಿಗಳಲ್ಲಿ ಆಗಲೇ ಟಕಟಕ ಸದ್ದು. ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರು. ಶನಿವಾರವಾದ್ದರಿಂದ ಮಧುರೆಯ ಶನಿಮಹಾತ್ಮನ ದೇವಸ್ಥಾನದ ಬಳಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಕ್ಕ ಕೂತಲ್ಲಿಂದಲೇ ಕೈಮುಗಿದಳು. ನೆಲಮಂಗಲದ ಹತ್ತಿರ ರಸ್ತೆಬದಿಯ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಅಂಗೈಗಿಂತ ಅಗಲ, ಮೇಲೆ ಬೆಣ್ಣೆ. ಅಕ್ಕ ಒಂದೇ ಸಾಕೆಂದಳು. ಅವಳಿಗೆ ಹಸಿವಿರಲಿಲ್ಲ.

ಅರಿಶಿನಕುಂಟೆಯಲ್ಲಿ ನಮ್ಮ ಸೋದರತ್ತೆ ವೆಂಕಟಮ್ಮನ ಮನೆ. ಹೆದ್ದಾರಿಗೆ ಅಷ್ಟು ಹತ್ತಿರವಾದ್ದರಿಂದ ಲಾರಿ ಹೋದಾಗೆಲ್ಲ ಅಟ್ಟದ ಪಾತ್ರೆ ಗಲಗಲ ಅನ್ನುತ್ತವೆ. ಅತ್ತೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದಳು, ಅಂಗಳದ ಆ ತುದಿಯಲ್ಲಿ. ತಾನು ಹೊಸ್ತಿಲ ಮೇಲೆ ಕೂತಳು.

“ಯಾಕತ್ತೆ, ನಡುವೆ ಹೊಳೆ ಹರೀತಾ ಇದ್ಯಾ?” ಎಂದೆ.

“ನಗಬೇಡ ಕಣೋ ಹನುಮ. ಎರಡು ಬಸ್ ಹತ್ತಿ, ಒಂದು ಚಿಪ್ಪು ಏಲಕ್ಕಿ ಬಾಳೆ ತಗೊಂಡು ಇವಳ್ನ ನೋಡಕ್ಕೆ ಬಂದಿದ್ದೆ. ಬಾಗಿಲಲ್ಲೇ ನಿಲ್ಲಿಸಿಬಿಟ್ರು. ಹಳದಿ ಬೋರ್ಡು, ಅದ್ರಲ್ಲಿ ಫ್ಯಾನಿನ ರೆಕ್ಕೆ ತರ ಮೂರು ಪಟ್ಟೆ. ಅಣ್ಣನ ಮಗಳ ಮುಖ ನೋಡಕ್ಕೂ ನಾನು ಬೇಡವಾದ್ನಾ? ಅಂಥದ್ದು ಏನು ಅಂಟುಜಾಡ್ಯ ಬಂದಿತ್ತು ಇವಳಿಗೆ?”

ಅವಳಿಗೆ ಇದ್ದದ್ದು ಅರ್ಧ ಭಯ, ಅರ್ಧ ಸಿಟ್ಟು. ಸಿಟ್ಟನ್ನು ಬಿಟ್ಟು ಭಯಕ್ಕೆ ಕೈಹಾಕಿದೆ.

“ಅಂಟುಜಾಡ್ಯ ಅಲ್ಲ ಅತ್ತೆ. ಆ ಬೋರ್ಡು ಇದ್ರೆ ಒಳಗೆ ವಿಕಿರಣ ಇದೆ ಅಂತ ಅರ್ಥ. ಒಲೆ ಮುಂದೆ ಕೂತ್ರೆ ಶಾಖ ಬಡಿಯುತ್ತಲ್ಲ, ಹಂಗೆ ಅಂದ್ಕೋ. ಕಣ್ಣಿಗೆ ಕಾಣಲ್ಲ ಅಷ್ಟೆ. ಒಲೆ ಮುಂದೆ ಕೂತವ್ರು ತಾವೇ ಒಲೆ ಆಗಿ ಮನೆಗೆ ಹೋಗ್ತಾರಾ?”

“ಒಲೆ ಆಗಲ್ಲ. ಸೆರಗು ಸುಟ್ಕೊಂಡು ಹೋಗ್ತಾರೆ.”

“ಅದಕ್ಕೇ ನಿನ್ನ ಬಾಗಿಲಲ್ಲಿ ನಿಲ್ಲಿಸಿದ್ದು! ನಿನ್ನ ಸೆರಗು ಸುಡಬಾರದು ಅಂತ.”

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದಳು, ನಗು ಕಾಣಬಾರದೆಂದು. ನಾನು ಮುಂದುವರಿಸಿದೆ. ವಿಕಿರಣ ಬೇರೆ, ವಿಕಿರಣದ ಮಾಲಿನ್ಯ ಬೇರೆ. ನನ್ನ ಕೆಲಸದಲ್ಲಿ ಸಿಮೆಂಟ್ ಧೂಳು ಬಟ್ಟೆಗೆ ಹತ್ತಿ ಮನೆವರೆಗೂ ಬರುತ್ತದಲ್ಲ, ಮಾಲಿನ್ಯ ಎಂದರೆ ಹಾಗೆ, ಆ ಮದ್ದೇ ಎಲ್ಲಾದರೂ ಮೆತ್ತಿಕೊಳ್ಳುವುದು. ಮಾತ್ರೆ ನುಂಗಿದವರ ಬೆವರು, ಉಗುಳು, ಮೂತ್ರದಲ್ಲಿ ಮದ್ದು ಸ್ವಲ್ಪ ಸ್ವಲ್ಪ ಹೊರಗೆ ಬರುತ್ತದೆ. ಅದಕ್ಕೇ ಬೇರೆ ಕೋಣೆ, ಬೇರೆ ಬಚ್ಚಲು. ಡಾಕ್ಟರಮ್ಮ ಹೇಳಿದ ಕಾವಲು ಮೂರೇ: ಹತ್ತಿರ ಇರುವ ಹೊತ್ತು ಕಡಿಮೆ ಮಾಡು, ದೂರ ನಿಲ್ಲು, ನಡುವೆ ಗೋಡೆ ಇರಲಿ. ಮೀಟರು ಹಿಡಿದು ನೋಡಿ, ಸಾಕಷ್ಟು ಇಳಿದ ಮೇಲೆಯೇ ಅಕ್ಕನನ್ನು ಮನೆಗೆ ಬಿಟ್ಟರು. ಮನೆಯಲ್ಲೂ ಹೇಳಿದಷ್ಟು ದಿನ ಅವಳು ಅಕ್ಕಪಕ್ಕದ ಮಕ್ಕಳನ್ನು ಎತ್ತಿಕೊಳ್ಳಲಿಲ್ಲ.

ಅತ್ತೆ ತಲೆಯಾಡಿಸಿದಳು, ಹೊಸ್ತಿಲು ಬಿಟ್ಟು ಏಳಲಿಲ್ಲ. ಆಗ ಅಕ್ಕ ಕೂತಲ್ಲಿಂದಲೇ ಅಂದಳು:

“ಅತ್ತೆ, ನೀನು ತಂದ ಹಣ್ಣು ನರ್ಸಮ್ಮ ಒಳಗೆ ಕೊಟ್ರು. ಒಳಗೆ ಹೋಗಿದ್ದು ಹೊರಗೆ ಬರಂಗಿಲ್ಲ ಅಲ್ಲಿ, ಸಿಪ್ಪೆ ಕೂಡ. ಚಿಪ್ಪು ಪೂರ್ತಿ ನಾನೊಬ್ಳೇ ತಿಂದೆ. ಅಷ್ಟು ದಿನದಲ್ಲಿ ನಮ್ಮೋರ ಕೈಯಿಂದ ಬಂದಿದ್ದು ಅದೊಂದೇ.”

“ಹಣ್ಣು ಒಳಗೆ ಬಂತಾ?” ಅತ್ತೆ ಎದ್ದೇಬಿಟ್ಟಳು. “ನಾನು ಅವ್ರೇ ತಿಂದ್ಕೊಂಡ್ರು ಅಂದ್ಕೊಂಡಿದ್ನಲ್ಲೇ, ಮೂದೇವಿ! ಒಂದು ಫೋನ್ ಮಾಡಿ ಹೇಳಬಾರ್ದಾ?”

ಅಂಗಳ ದಾಟಿ ಬಂದು ಹಣೆ ಮುಂದೆ ಮಾಡಿದಳು. ಅಕ್ಕ ಕುಂಕುಮ ಇಟ್ಟಳು. ಮೊದಲ ಮನೆ ಗೆದ್ದೆವು. ವಾಪಸ್ ಹೊರಟಾಗ ಗಾಡಿಯ ಹಿಂದೆ ಅತ್ತೆ ಕೊಟ್ಟ ಎರಡು ತೆಂಗಿನಕಾಯಿ ಉರುಳಾಡುತ್ತಿದ್ದವು. ಮಧುರೆಯ ಜನಜಂಗುಳಿಯಲ್ಲೂ ನಾನು ಸಿಳ್ಳೆ ಹಾಕುತ್ತಾ ಗಾಡಿ ನಡೆಸಿದೆ.

ದೊಡ್ಡಬಳ್ಳಾಪುರದಿಂದ ಪೂರ್ವಕ್ಕೆ ಹೊಸ ರಿಂಗ್ ರಸ್ತೆ ಹಿಡಿದೆವು. ಮಂಜು ಹರಿದು ನಂದಿಬೆಟ್ಟ ಎಡಕ್ಕೆ ಪೂರ್ತಿ ಬಿಚ್ಚಿಕೊಂಡಿತ್ತು. ರಸ್ತೆ ಎಷ್ಟು ನುಣುಪೆಂದರೆ, ಗುಂಡಿಗೆ ಒಗ್ಗಿದ ನನ್ನ ಗಾಡಿ ಸುಮ್ಮನಿರಲಾರದೆ ತಾನೇ ಕುಣಿಯಿತು. ದೇವನಹಳ್ಳಿ ಹತ್ತಿರ ವಿಮಾನಗಳು ಚಕ್ರ ಬಿಚ್ಚಿಕೊಂಡು ತಲೆಯ ಮೇಲೇ ಇಳಿಯುತ್ತಿದ್ದವು. ಕೋಟೆಯ ಹತ್ತಿರ ಒಂದು ಚಕೋತ ಕೊಂಡು, ಸಿಪ್ಪೆ ಬಿಡಿಸಿ, ಉಪ್ಪು ಖಾರ ಹಾಕಿಸಿಕೊಂಡು ಗಾಡಿಯಲ್ಲೇ ತಿಂದೆವು. ಈ ಸಲ ಅಕ್ಕ ನನ್ನ ಪಾಲಿಗೂ ಕೈಹಾಕಿದಳು.

ಇಳಿಹೊತ್ತಿಗೆ ದೇವನಹಳ್ಳಿ ತಾಲ್ಲೂಕಿನದೇ ಆದ ಚನ್ನರಾಯಪಟ್ಟಣದ ಕಡೆಯ ಹಳ್ಳಿ ಸೇರಿದೆವು. ಕೈಗಾರಿಕೆಗೆಂದು ಸರ್ಕಾರ ಕೇಳಿದ ಭೂಮಿ ಬಿಡುವುದಿಲ್ಲವೆಂದು ವರ್ಷಗಟ್ಟಲೆ ಧರಣಿ ಕೂತ ಸೀಮೆ ಅದು. ಅಲ್ಲಿನವರು ಯಾವ ಮಾತನ್ನೂ ಸುಮ್ಮನೆ ಒಪ್ಪುವವರಲ್ಲ. ನಮ್ಮ ದೊಡ್ಡಪ್ಪನ ಮಗ ಮುನಿರಾಜ ದ್ರಾಕ್ಷಿ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ. ನನ್ನ ವಯಸ್ಸಿನವನು, ಬಾಯಿ ಜೋರು. ಅವನ ಮಗಳು ಗೌರಿ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಅದು ಗೊತ್ತಿದ್ದರಿಂದ ಅಕ್ಕ ಒಳಗೇ ಹೋಗಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತಳು.

ಜಗಲಿಯ ಮೇಲೆ ಅಕ್ಕಪಕ್ಕದ ನಾಲ್ಕು ಜನ ಸೇರಿದರು. ಮುನಿರಾಜ ಶುರುಮಾಡಿದ.

“ಏನ್ ಗುರು, ಅಣುವಿನ ಪಾಠ ಮಾಡ್ಕೊಂಡು ಊರೂರು ತಿರುಗ್ತಿದ್ದೀಯಂತೆ? ಅತ್ತೆ ಫೋನ್ ಮಾಡಿದ್ಲು. ಹೇಳು ನೋಡೋಣ, ಬಾಂಬಿನಲ್ಲಿ ಇರೋದೂ ಅದೇ ತಾನೇ?”

“ನಿನ್ನ ದ್ರಾಕ್ಷಿನೂ ಹಣ್ಣು, ಹಿಪ್ಪೆಹಣ್ಣೂ ಹಣ್ಣು. ಎರಡೂ ಒಂದೇ ಏನ್ಲಾ?” ಎಂದೆ. ಸುತ್ತಲಿನವರು ನಕ್ಕರು. ಆ ನಗುವಿನಲ್ಲೇ ಜಾಗ ಮಾಡಿಕೊಂಡು ಕೂತೆ.

ಜನ ಎಲ್ಲಕ್ಕೂ ಅಣು ಅನ್ನುತ್ತಾರೆ. ಡಾಕ್ಟರಮ್ಮ ಹೇಳಿದ್ದು ಪರಮಾಣು ಎಂದು. ಪರಮಾಣು ಯಾವುದೇ ಮೂಲವಸ್ತುವಿನ ತೀರಾ ಸಣ್ಣ ಕಣ. ಪರಮಾಣುಗಳು ಕೂಡಿಕೊಂಡರೆ ಅಣು. ಪರಮಾಣುವಿನ ನಡುವೆ ಒಂದು ಬೀಜ, ಅದಕ್ಕೆ ನ್ಯೂಕ್ಲಿಯಸ್ ಎನ್ನುತ್ತಾರೆ. “ನಿನ್ನ ನಾಲ್ಕು ಎಕರೆ ತೋಟ ಇದೆಯಲ್ಲ, ಅಷ್ಟಗಲ ಒಂದು ಪರಮಾಣು ಅಂದ್ಕೋ. ಅದರ ಮಧ್ಯೆ ಒಂದು ರಾಗಿ ಕಾಳು ಇಟ್ರೆ ಅದೇ ಬೀಜ. ಎಲೆಕ್ಟ್ರಾನ್‌ಗಳು ಬದುವಿನ ಕಡೆ ತಿರುಗ್ತಾ ಇರ್ತವೆ. ಮಿಕ್ಕಿದ್ದೆಲ್ಲ ಖಾಲಿ.”

“ಖಾಲಿ ಅಂತ ಸರ್ಕಾರಕ್ಕೆ ಹೇಳ್ಬಿಡ್ಬೇಡ, ಬಂದು ಅಳತೆ ಮಾಡ್ತಾರೆ!” ಎಂದ ಮುನಿರಾಜ. ಜಗಲಿ ಅಲುಗುವ ಹಾಗೆ ನಗು.

ಬಾಂಬಿನ ಮಾತಿಗೆ ಕಲ್ಲುಬಂಡೆ ಸೀಳುವ ಹೋಲಿಕೆ ತಂದೆ. ಒಂದು ಜಾತಿಯ ಯುರೇನಿಯಂ ಬೀಜಕ್ಕೆ ನ್ಯೂಟ್ರಾನ್ ಎಂಬ ಕಣ ಹೊಡೆದರೆ ಅದು ಎರಡಾಗಿ ಸೀಳುತ್ತದೆ, ಅದು ವಿದಳನ. ಸೀಳಿದಾಗ ಚಿಮ್ಮಿದ ಎರಡು ಮೂರು ನ್ಯೂಟ್ರಾನು ಪಕ್ಕದ ಬೀಜಗಳನ್ನು ಸೀಳುತ್ತವೆ, ಅವು ಮತ್ತೆ ಪಕ್ಕದವನ್ನು. ಅದು ಸರಪಳಿ ಕ್ರಿಯೆ. ಕಡಿವಾಣವಿಲ್ಲದೆ ಬಿಟ್ಟರೆ ಬಾಂಬು. ಚಿಮ್ಮಿದ್ದನ್ನು ಹೀರಿಕೊಳ್ಳುವ ಸರಳು ನಡುವೆ ಇಳಿಸಿ ಹದದಲ್ಲಿ ಉರಿಸಿದರೆ ರಿಯಾಕ್ಟರು, ಕರೆಂಟು. ಎರಡು ಸಣ್ಣ ಬೀಜ ಬೆಸೆದು ಒಂದಾದರೆ ಸಮ್ಮಿಳನ. ಸೂರ್ಯ ಉರಿಯುವುದು ಹಾಗೆ. ಅಕ್ಕನಿಗೆ ಕೊಟ್ಟದ್ದರಲ್ಲಿ ಈ ಸೀಳಾಟವೂ ಇಲ್ಲ, ಬೆಸುಗೆಯೂ ಇಲ್ಲ. ಅದು ಅಯೋಡಿನ್ನು, ಅಡುಗೆ ಉಪ್ಪಿನಲ್ಲಿ ಇರುತ್ತದಲ್ಲ ಅದೇ ಮನೆತನ. ಒಂದೇ ಮನೆತನ, ಬೀಜದ ತೂಕ ಮಾತ್ರ ಬೇರೆ ಇದ್ದರೆ ಐಸೋಟೋಪ್. ಉಪ್ಪಿನ ಅಯೋಡಿನ್ ನೆಮ್ಮದಿಯ ಅಣ್ಣ. ಮಾತ್ರೆಯ ಅಯೋಡಿನ್ ಚಡಪಡಿಸುವ ತಮ್ಮ. ಆ ಚಡಪಡಿಕೆ ಹೊರಗೆ ಚೆಲ್ಲುವುದೇ ವಿಕಿರಣ. ಥೈರಾಯ್ಡಿಗೆ ಅಯೋಡಿನ್ ಎಂದರೆ ಆಸೆ, ಹುಡುಕಿ ನುಂಗುತ್ತದೆ. ನುಂಗಿದ ಕೆಟ್ಟ ಚೂರು ಅಲ್ಲೇ ಸುಟ್ಟುಹೋಗುತ್ತದೆ.

“ಪರವಾಗಿಲ್ಲ ಕಣ್ಲಾ, ನಮ್ಮ ಮಂತ್ರಿಗಳಿಗಿಂತ ಚೆನ್ನಾಗಿ ಮಾತಾಡ್ತೀಯ,” ಎಂದ ಮುನಿರಾಜ. ನಾನು ಹಿಗ್ಗಿದೆ. ಆದರೆ ಕತ್ತು ತಿರುಗಿಸಿ ನೋಡಿದಾಗ ಹೊಸ್ತಿಲಲ್ಲಿ ಬೇರೆಯೇ ನಡೆದಿತ್ತು. ಅಕ್ಕ ತಟ್ಟೆ ಹಿಡಿದು ಮುಂದೆ ಬಾಗಿದ್ದಳು. ಮುನಿರಾಜನ ಹೆಂಡತಿ ಲಕ್ಷ್ಮಮ್ಮ ಮೆಲ್ಲಗೆ ಅಂದಳು:

“ಅತ್ತಿಗೆ, ತಟ್ಟೆ ಅಲ್ಲಿ ಇಡಿ. ನಾನೇ ಇಟ್ಕೋತೀನಿ. ಗೌರಿ ಮಲಗವ್ಳೆ.”

ಗೌರಿ ಮಲಗಿರಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅವಳ ಬಳೆ ಕಾಣುತ್ತಿತ್ತು. ಅಕ್ಕ ತಟ್ಟೆ ಇಟ್ಟಳು. ಲಕ್ಷ್ಮಮ್ಮ ತಾನೇ ಕುಂಕುಮ ಇಟ್ಟುಕೊಂಡಳು. ಊಟಕ್ಕೆ ಮುದ್ದೆ, ಹುರುಳಿ ಬಸ್ಸಾರು, ಒಂದಕ್ಕೊಂದು ಸರಿಯಾಗಿತ್ತು. ಪ್ರೀತಿಯಿಂದಲೇ ಬಡಿಸಿದರು. ಅಕ್ಕನ ಊಟ ಮಾತ್ರ ಬಾಳೆಲೆಯಲ್ಲಿ, ನಮ್ಮದು ತಟ್ಟೆಯಲ್ಲಿ.

ರಾತ್ರಿ ಅಲ್ಲೇ ಉಳಿದು, ಮಾರನೆಯ ಬೆಳಿಗ್ಗೆ ಸೂಲಿಬೆಲೆ ರಸ್ತೆಗೆ ಬಿದ್ದ ಮೇಲೆ ಅಕ್ಕ ಬಾಯಿ ಬಿಟ್ಟಳು.

“ನೀನು ಹೇಳೋದೆಲ್ಲ ಸರಿ ಕಣೋ ಹನುಮ. ಕೇಳ್ದೋರು ಹೂಂ ಅಂತಾರೆ. ಹಣೆ ಮಾತ್ರ ಹಿಂದಕ್ಕೆ ಹೋಗುತ್ತೆ.”

“ಅಜ್ಜಿಗೆ ಇನ್ನೂ ಬಿಡಿಸಿ ಹೇಳ್ತೀನಿ ಬಿಡಕ್ಕ.”

“ಅಜ್ಜಿ ಬೇಡ ಅಂದ್ರೆ ಜಗಳ ಮಾಡ್ಬೇಡ. ರಮ್ಯ ಬಾಳ್ಬೇಕಾದ ಮನೆ ಅದು. ನಾನು ಛತ್ರದ ಅಡುಗೆಮನೆ ನೋಡ್ಕೊಳ್ತೀನಿ.”

ಮಾವಿನ ತೋಪುಗಳು ಹೂಬಿಟ್ಟು ನಿಂತಿದ್ದವು; ಎರಡೂ ಕಡೆ ಆ ವಾಸನೆ. ಗಾಜು ಇಳಿಸಿ ಗಾಡಿ ಓಡಿಸಿದೆ.

ಬೀಗರ ಊರು ಸೂಲಿಬೆಲೆಯಿಂದ ಸ್ವಲ್ಪ ಒಳಕ್ಕೆ. ಮನೆಯ ಮುಂದಿನ ಕಣದಂಥ ಅಂಗಳದಲ್ಲಿ ಅಜ್ಜಿ ಚಿಕ್ಕತಾಯಮ್ಮ ಕಾಲು ಚಾಚಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು. ಹಣೆಯ ಮೇಲೆ ಕಾಸಗಲ ಕುಂಕುಮ. ಪಕ್ಕದ ಮಂಚದ ಮೇಲೆ ಅವರ ಯಜಮಾನರು, ತಾತ, ಬಿಸಿಲು ಕಾಯುತ್ತಾ ಮಲಗಿದ್ದರು. ಹುಡುಗನ ತಾಯಿ ಸುಶೀಲಮ್ಮ ನೀರು, ಬೆಲ್ಲ ತಂದು, “ಬನ್ನಿ ಬನ್ನಿ” ಎಂದು ಕರೆದರೂ ಅಜ್ಜಿಯ ಮುಖವನ್ನೇ ನೋಡುತ್ತಿದ್ದರು.

ನಾನು ಪೀಠಿಕೆ ಹಾಕದೆ ಶುರುಮಾಡಿದೆ. ಒಲೆ, ಶಾಖ, ಸಿಮೆಂಟ್ ಧೂಳು, ರಾಗಿ ಕಾಳಿನ ಬೀಜ, ಎಲ್ಲ ಹೇಳಿದೆ. ಅಜ್ಜಿ ಮೊರ ನಿಲ್ಲಿಸದೆ ಕೇಳಿದರು.

“ಚೆಂದಾಗಿ ಹೇಳ್ತೀಯ ಕಣಪ್ಪ. ನಾನೂ ಮೂರ್ಖಳಲ್ಲ, ಮದ್ದಿಂದ ಈ ಅವ್ವ ಉಳ್ಕೊಂಡ್ಲು, ಸಂತೋಷ. ಆದ್ರೆ ಅದು ಬರೋದೂ ಕಾಣಲ್ಲ, ಇರೋದೂ ಕಾಣಲ್ಲ ಅಂತೀಯ. ಮತ್ತೆ ಹೋಯ್ತು ಅಂತ ಹೆಂಗೆ ಹೇಳ್ತೀಯ? ಹೋಗಿದ್ದು ಯಾರು ನೋಡಿದ್ರು?”

“ಅದಕ್ಕೆ ಅರ್ಧಾಯುಷ್ಯ ಅಂತ ಇದೆ ಅಜ್ಜಿ...”

“ಬಿಡ್ತು ಅನ್ನು! ಮದುವೆ ಮನೆ ಮಾತಲ್ಲಿ ಅರ್ಧ ಆಯುಸ್ಸು ಅಂತೀಯಲ್ಲ.”

“ಜಯಮ್ಮಂದಲ್ಲ ಅಜ್ಜಿ, ಆ ಮದ್ದಿನ ಆಯಸ್ಸು. ಇದ್ದಷ್ಟರಲ್ಲಿ ಅರ್ಧ ಸಾಯೋಕೆ ಹಿಡಿಯೋ ಹೊತ್ತು. ಈ ಅಯೋಡಿನ್‌ದು ಎಂಟು ದಿನ.”

“ಎಂಟು ದಿನಕ್ಕೆ ಅರ್ಧ. ಹದಿನಾರು ದಿನಕ್ಕೆ ಪೂರ್ತಿ ಹೋಗ್ಬೇಕಲ್ಲ ಹಂಗಾದ್ರೆ?”

“ಇಲ್ಲ ಅಜ್ಜಿ, ಉಳಿದದ್ದರಲ್ಲಿ ಅರ್ಧ...”

“ಯಾವಾಗ್ಲೂ ಅರ್ಧ ಉಳೀತಾನೇ ಇದ್ರೆ ಅದು ಮುಗಿಯೋದು ಯಾವಾಗಪ್ಪ?”

ಐದು ಅಡಿ ಗೋಡೆ ನಿಲ್ಲಿಸಿದವನು ನಾನು. ಆ ಅಂಗಳದಲ್ಲಿ ಬೆರಳು ಮಡಚಿ ಲೆಕ್ಕ ಹಾಕುತ್ತಾ ನಿಂತೆ. ಸುಶೀಲಮ್ಮ ನೆಲ ನೋಡಿದರು. ಆಗ ಅಕ್ಕ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಅಂಗಳಕ್ಕೆ ಇಳಿದು, ಅಜ್ಜಿಯಿಂದ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತಳು.

“ಅಜ್ಜಿ, ಒಂದು ಹಿಡಿ ರಾಗಿ ನೆಲದ ಮೇಲೆ ಹಾಕಿ. ನಿಮ್ಮ ಕೈಲೇ ಹಾಕಿ. ನಾನು ಮುಟ್ಟಲ್ಲ.”

ಅಜ್ಜಿ ಅವಳನ್ನು ನೋಡಿದರು. ಮೊರದಿಂದ ಒಂದು ಹಿಡಿ ತೆಗೆದು ಸಗಣಿ ಸಾರಿಸಿದ ನೆಲದ ಮೇಲೆ ಗುಡ್ಡೆ ಮಾಡಿದರು.

“ಇದು ನಾನು ದೀಪಾವಳಿಲಿ ನುಂಗಿದ್ದು. ಎಂಟು ದಿನ ಆಯ್ತು. ಎರಡು ಪಾಲು ಮಾಡಿ, ಒಂದು ಪಾಲು ಆಚೆ ತಳ್ಳಿ.”

ಪಾಲು ಮಾಡುವುದನ್ನು ಆ ಅಜ್ಜಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮೂರು ಜನ ಗಂಡುಮಕ್ಕಳ ಮನೆಗೆ ಕಾಳುಕಡ್ಡಿ ಹಂಚಿದ ಕೈ ಅದು. ಅಂಗೈಯ ಅಂಚಿನಿಂದ ಗುಡ್ಡೆಯ ನಡುವೆ ಗೆರೆ ಎಳೆದು, ಅರ್ಧ ಬದಿಗೆ ಸರಿಸಿದರು.

“ಆಚೆ ಹೋದ ಪಾಲು ಏನಾಯ್ತವ್ವ?”

“ಅದು ಅಯೋಡಿನ್ ಆಗಿ ಉಳಿಯಲ್ಲ ಅಜ್ಜಿ. ಬೇರೆ ಗಾಳಿಯಾಗಿ ಬದಲಾಗುತ್ತಂತೆ, ಏನೂ ಮಾಡದ ಗಾಳಿ. ಕೇರಿದಾಗ ಹೊಟ್ಟು ಹಾರಿಹೋದಂಗೆ. ಇನ್ನು ಮೈಯಿಂದ ನೀರಲ್ಲಿ ಹೊರಟುಹೋಗಿದ್ದು ಬೇರೆ, ಅದನ್ನ ಲೆಕ್ಕಕ್ಕೇ ಇಡ್ಬೇಡಿ.”

ಅಜ್ಜಿ ಮತ್ತೆ ಗೆರೆ ಎಳೆದರು. ಅಕ್ಕ ಹಬ್ಬ ಹೇಳುತ್ತಾ ಹೋದಳು. ಕಾರ್ತೀಕದ ದೀಪ. ಅರ್ಧ. ಕಡೆ ಕಾರ್ತೀಕ. ಅದರ ಅರ್ಧ. ಷಷ್ಠಿ. ಮತ್ತೆ ಅರ್ಧ. ಅವರೆಕಾಯಿ ಬಂದ ಕಾಲ, ಧನುರ್ಮಾಸದ ಚಳಿ, ಸಂಕ್ರಾಂತಿ. ಮೊದಲು ಗುಡ್ಡೆ ಅಂಗೈಯಷ್ಟಿತ್ತು, ಆಮೇಲೆ ನಿಂಬೆಹಣ್ಣಿನಷ್ಟು, ಆಮೇಲೆ ಹುಣಸೆ ಬೀಜದಷ್ಟು. ಸಂಕ್ರಾಂತಿ ದಾಟುವ ಹೊತ್ತಿಗೆ ಅಜ್ಜಿ ಬೆರಳ ತುದಿಯಿಂದ ಕಾಳು ಬಿಡಿಸುತ್ತಿದ್ದರು. ಮಂಚದ ಮೇಲಿನ ತಾತ ಎದ್ದು ಕೂತಿದ್ದರು.

“ಏಯ್, ಆ ಕಡೆ ಒಂದು ಕಾಳು ಜಾಸ್ತಿ ಹೋಯ್ತು,” ಎಂದರು.

“ನಿಮ್ಮ ಕಣ್ಣಿಗೆ ಕಾಳು ಕಾಣುತ್ತೆ, ಮಜ್ಜಿಗೆಲಿ ನೊಣ ಬಿದ್ರೆ ಕಾಣಲ್ಲ. ಸುಮ್ನಿರಿ!”

ರಥಸಪ್ತಮಿ. ನಾಲ್ಕು ಕಾಳು. ಅದರ ಮುಂದಿನ ಎಂಟು ದಿನ. ಎರಡು. ಶಿವರಾತ್ರಿ. ಸಾರಿಸಿದ ನೆಲದ ಮೇಲೆ ಒಂದೇ ಒಂದು ರಾಗಿ ಕಾಳು. ಪಕ್ಕದಲ್ಲಿ ದೂಡಿದ್ದೆಲ್ಲ ಸೇರಿ ಮತ್ತೆ ಒಂದು ಹಿಡಿ.

ಅಜ್ಜಿ ಆ ಕಾಳನ್ನು ಉಗುರ ತುದಿಯಲ್ಲಿ ಎತ್ತಿ ಬಿಸಿಲಿಗೆ ಹಿಡಿದರು.

“ಇದು?”

“ಅದೂ ಒಂದಿನ ಹೋಗುತ್ತೆ ಅಜ್ಜಿ. ಆಸ್ಪತ್ರೆ ಕೋಣೆಲಿ ನಾನು ಕಡ್ಲೆಪುರಿ ಇಟ್ಕೊಂಡು ಹಿಂಗೇ ಪಾಲು ಮಾಡ್ತಾ ಕೂತಿರ್ತಿದ್ದೆ. ಮಾತಾಡಕ್ಕೆ ಯಾರೂ ಇರ್ಲಿಲ್ಲ. ಯಾವ ಹಬ್ಬಕ್ಕೆ ಎಷ್ಟು ಉಳಿಯುತ್ತೆ ಅಂತ ಎಣಿಸ್ತಿದ್ದೆ. ರಮ್ಯನ ಧಾರೆ ಹೊತ್ತಿಗೆ ಒಂದೂ ಉಳಿಯಲ್ಲ ಅಂತ ಗೊತ್ತಾದ ದಿನ ಊಟ ಸೇರಿತು.”

ಇದನ್ನು ಅವಳು ನನಗೂ ಹೇಳಿರಲಿಲ್ಲ. ಒಂದು ಕೋಳಿ ಬಂದು ಬದಿಯ ರಾಗಿಗೆ ಬಾಯಿ ಹಾಕಿತು. ತಾತ ಕೋಲಿನಿಂದ ಓಡಿಸಿದರು.

ಅಜ್ಜಿ ಆ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದರು.

“ಒಂದು ಕಾಳಿಗೆ ಹೆದರೋ ವಯಸ್ಸಾ ನಂದು? ಸುಶೀಲ, ತಟ್ಟೆ ತಾರೆ. ಬಾರವ್ವ ಜಯ, ಹತ್ರ ಬಾ. ಒಂದು ಮಾರು ದೂರ ಕೂತ್ರೆ ನಿನ್ನ ಕೈ ನನ್ನ ಹಣೆಗೆ ನಿಲುಕುತ್ತಾ?”

ಅಕ್ಕ ಅವಸರದಲ್ಲಿ ಚಿಟಿಕೆ ತುಂಬ ಕುಂಕುಮ ತೆಗೆದಳು. ಕುಂಕುಮ ಅಜ್ಜಿಯ ಹಣೆಗೆ ಬಿದ್ದದ್ದಕ್ಕಿಂತ ಮೂಗಿನ ಮೇಲೆ ಉದುರಿದ್ದೇ ಹೆಚ್ಚು. “ಮೂಗಿಗೇ ಇಟ್ಬಿಟ್ಯಲ್ಲೇ!” ಎಂದು ಅಜ್ಜಿ ಜೋರಾಗಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಮನೆಯ ಹಿರಿಯರು ಹೇಳುವ ಗತ್ತಿನಲ್ಲಿ ಹೇಳಿದರು:

“ಏನಪ್ಪಾ ಸೋದರಮಾವ, ಕೇಳಿಸ್ಕೋ. ಧಾರೆ ಹೆತ್ತವಳೇ ಎರೀಬೇಕು. ಬೇರೆ ಯಾರಾದ್ರೂ ನಿಂತ್ರೆ ನಾನು ಛತ್ರಕ್ಕೇ ಬರಲ್ಲ.”

ಸುಶೀಲಮ್ಮ ಅಕ್ಕನ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದರು. ನೆಲದ ಮೇಲಿನ ರಾಗಿಯನ್ನು ಅಜ್ಜಿ ಒಂದೂ ಬಿಡದೆ ಬಳಿದು ಮೊರಕ್ಕೆ ಹಾಕಿದರು. ಮಧ್ಯಾಹ್ನ ಬೀಗರ ಮನೆಯಲ್ಲಿ ನಾಟಿಕೋಳಿ ಸಾರು, ಮುದ್ದೆ. ಎಲ್ಲರಿಗೂ ಬಾಳೆಲೆ, ಅಕ್ಕನ ಎಲೆ ಅಜ್ಜಿಯ ಎಲೆಯ ಪಕ್ಕಕ್ಕೆ. ತಾತ ಎರಡನೇ ಮುದ್ದೆಯನ್ನು ಮುರಿಯುತ್ತಾ, “ಇದನ್ನ ಅರ್ಧ ಮಾಡಬೇಕಾ, ಪೂರ್ತಿ ತಿನ್ನಬಹುದಾ?” ಎಂದು ನನ್ನನ್ನು ಕೇಳಿದರು.

ವಾಪಸ್ ಬರುವಾಗ ನಮ್ಮ ಗಾಡಿಗಿಂತ ಫೋನು ಮುಂದೆ ಓಡಿತ್ತು. ಚನ್ನರಾಯಪಟ್ಟಣದ ಕಡೆ ಮುನಿರಾಜನ ಊರಿನ ತಿರುವಿನಲ್ಲಿ ಹೊಂಗೆ ಮರದ ಕೆಳಗೆ ಲಕ್ಷ್ಮಮ್ಮ ನಿಂತಿದ್ದಳು. ಪಕ್ಕದಲ್ಲಿ, ಸೊಂಟಕ್ಕೆ ಕೈಕೊಟ್ಟುಕೊಂಡು, ಗೌರಿ. ನಾನು ಬ್ರೇಕ್ ಹಾಕಿದೆ.

ಗೌರಿಯೇ ಗಾಡಿಯ ಬಾಗಿಲು ತೆಗೆದಳು.

“ಅತ್ತೆ, ನಿನ್ನೆ ನಾನು ಮಲಗಿರ್ಲಿಲ್ಲ. ನಮ್ಮ ಆಸ್ಪತ್ರೆ ಡಾಕ್ಟರಿಗೂ ಈಗ ಫೋನ್ ಮಾಡಿ ಕೇಳ್ದೆ. ಅಷ್ಟು ತಿಂಗಳಾಗಿದೆಯಲ್ಲ, ಏನೂ ಆಗಲ್ಲ ಅಂದ್ರು. ನಂಗೂ ಇಡಿ, ಅಮ್ಮಂಗೂ ಇಡಿ.”

ಅಕ್ಕ ಇಳಿದು ಇಬ್ಬರಿಗೂ ಕುಂಕುಮ ಇಟ್ಟಳು. ಈ ಸಲ ಮೂಗಿನ ಮೇಲೆ ಒಂದು ಚೂರೂ ಉದುರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹುಲ್ಲಿನ ಹೊರೆಯವಳೊಬ್ಬಳು, ಏನು ಎತ್ತ ಗೊತ್ತಿಲ್ಲದಿದ್ದರೂ, ಹೊರೆ ಇಳಿಸಿ ತಾನೂ ಹಣೆ ಕೊಟ್ಟಳು. ಅವಳಿಗೂ ಪತ್ರಿಕೆ ಕೊಟ್ಟೆವು. ಅಲ್ಲಿಂದ ದೇವನಹಳ್ಳಿಯ ತನಕ ದಾರಿಯಲ್ಲಿದ್ದ ನೆಂಟರ ಮನೆಗಳಲ್ಲೆಲ್ಲ ಅಕ್ಕ ಕುಂಕುಮ ಇಡುತ್ತಾ ಬಂದಳು.

ರಿಂಗ್ ರಸ್ತೆಯಲ್ಲಿ ನಂದಿಬೆಟ್ಟ ಈಗ ಬಲಕ್ಕೆ, ಮೈತುಂಬ ಸಂಜೆಯ ಕೆಂಪು. ಅಕ್ಕ ಗಾಜಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು, ಕೈ ತಟ್ಟೆಯ ಮೇಲೆ, ಬೆರಳೆಲ್ಲ ಕೆಂಪು. ನಾನು ಗುಂಡಿ ಇಲ್ಲದ ಕಡೆಯೂ ನಿಧಾನವಾಗಿ ಓಡಿಸಿದೆ.

ಮನೆ ಮುಟ್ಟಿದಾಗ ಭಾವ ಶಿಫ್ಟಿಗೆ ಹೊರಡಲು ಬೈಕ್ ಒದೆಯುತ್ತಿದ್ದರು. ನಮ್ಮ ಮುಖ ನೋಡಿ ಆಫ್ ಮಾಡಿದರು. ಹ್ಯಾಂಡಲ್ ಹಿಡಿದು ಅಕ್ಕನ ಕೈಯ ತಟ್ಟೆಯನ್ನೇ ನೋಡುತ್ತಾ ನಿಂತರು. ಅಕ್ಕ ಗಾಡಿಯಿಂದ ಇಳಿದು, ಭರಣಿಯನ್ನು ಅವರ ಮುಂದೆ ಬೋರಲು ಹಾಕಿ ತೋರಿಸಿದಳು. ಒಂದು ಚಿಟಿಕೆಯೂ ಉದುರಲಿಲ್ಲ.

“ನಿಂತ್ಕೊಂಡು ಏನು ನೋಡ್ತೀರಿ? ಶಿಫ್ಟಿಂದ ಬರೋವಾಗ ಕುಂಕುಮ ತಗೊಂಡು ಬನ್ನಿ. ದೊಡ್ಡ ಪೊಟ್ಣ ತನ್ನಿ. ನಾಳೆ ನಮ್ಮ ಬೀದಿ ಕರೀಬೇಕು.”